ಕೈಗುಣ

ಬೆಳಗಿನ ಹೊತ್ತು ಚಂದಾಪುರ ಸರ್ಕಲ್ಲಿನಲ್ಲಿ ನಿಂತು ಜನ ನಡೆಯುವ ರೀತಿಯನ್ನು ನೋಡಿದರೆ ಯಾರು ಯಾವ ಕೆಲಸದವರೆಂದು ಬಹುಮಟ್ಟಿಗೆ ಊಹಿಸಬಹುದು. ಹೊಸೂರು ರಸ್ತೆಯಿಂದ ಆನೇಕಲ್ಲಿಗೆ ದಾರಿ ಕವಲೊಡೆಯುವ ಜಾಗ ಅದು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಟೆಂಪೊದಿಂದ ಇಳಿದು ನಾಲ್ಕು ಹೆಜ್ಜೆ ಹಾಕುವವರೆಗೂ ಸೊಂಟ ನೆಟ್ಟಗಾಗುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸಿಗೆ ಕಾಯುವ ಹುಡುಗರ ಕತ್ತು ಫೋನಿನ ಕಡೆಗೆ ಬಾಗಿರುತ್ತದೆ. ಬೊಮ್ಮಸಂದ್ರದ ಶೆಡ್ಡುಗಳಲ್ಲಿ ದಿನವಿಡೀ ನಿಂತು ದುಡಿಯುವವರು ಬಸ್ ಸ್ಟಾಪಿನಲ್ಲೂ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿರುತ್ತಾರೆ. ಇದೇ ರಸ್ತೆಗಳ ಬದಿಯ ಮಹಡಿಗಳ ಮೇಲೆ ಬೋರ್ಡುಗಳು: ಫಿಸಿಯೋಥೆರಪಿ, ಆಯುರ್ವೇದ ಪಂಚಕರ್ಮ, ಪುತ್ತೂರು ಕಟ್ಟು, ಸ್ಪಾ. ಮೈ ಸವೆಯುವ ಊರಿನಲ್ಲಿ ಮೈ ನೋಡಿಕೊಳ್ಳುವ ಕಸುಬುಗಳೂ ಬೇರೂರುತ್ತವೆ. ಇವುಗಳಲ್ಲಿ ಯಾವುದು ಒಳ್ಳೆಯದು, ಎಲ್ಲಿಗೆ ಹೋದರೆ ಬೇಗ ವಾಸಿ ಎಂದು ಜನ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಮಾತಿದೆ ಎಂದು ನನಗೆ ಅನ್ನಿಸುತ್ತದೆ. ಇನ್ನೊಬ್ಬರ ಮೈಮೇಲೆ ಕೈ ಇಡುವವರ ಧರ್ಮ ಯಾವುದು?

ಮೈ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮುರಿದ ಮೂಳೆಯನ್ನು ಕೂಡಿಸುವುದು ಮೂಳೆಯೊಳಗಿನ ಜೀವಕೋಶಗಳೇ. ಪ್ಲಾಸ್ಟರಿನ ಕೆಲಸ ಅದು ಅಲುಗದಂತೆ ಹಿಡಿದಿರುವುದು ಮಾತ್ರ. ಹಿಡಿದುಕೊಂಡ ಬೆನ್ನು ಬಹಳಷ್ಟು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಸಡಿಲಗೊಳ್ಳುತ್ತದೆ. ಎಣ್ಣೆ ಹಚ್ಚಿದವರಿಗೂ ಸಡಿಲಗೊಳ್ಳುತ್ತದೆ, ಹಚ್ಚದವರಿಗೂ ಸಡಿಲಗೊಳ್ಳುತ್ತದೆ. ಹಾಗಿದ್ದರೆ ಕೈಯ ಉಪಯೋಗವೇನು? ಆ ವಾರಗಳನ್ನು ಸಹಿಸಬಲ್ಲಂತೆ ಮಾಡುವುದು, ಹೆದರಿ ಬಿಗಿದುಕೊಂಡ ಸ್ನಾಯುವಿಗೆ ಧೈರ್ಯ ಕೊಡುವುದು, ನಿದ್ದೆ ಬರಿಸುವುದು, ಅಲುಗಿಸಲು ಅಂಜುವ ಕೀಲನ್ನು ಮತ್ತೆ ಅಲುಗಿಸುವುದು. ಇದು ಸಣ್ಣ ಕೆಲಸವಲ್ಲ. ಆದರೆ ಇದು ಬೆಂಬಲದ ಕೆಲಸ. ಮುಖ್ಯ ಕೆಲಸಗಾರ ಮೈಯೇ.

ಮಗು ಎಡವಿ ಬಿದ್ದರೆ ತಾಯಿ ಓಡಿಬಂದು ಮೊದಲು ಮೊಣಕಾಲು ಉಜ್ಜುತ್ತಾಳೆ. ಉಜ್ಜಿದರೆ ನೋವು ಯಾಕೆ ತಗ್ಗುತ್ತದೆ ಎಂಬುದಕ್ಕೆ ವಿಜ್ಞಾನ ಒಂದು ಗಟ್ಟಿ ವಿವರಣೆ ಕೊಟ್ಟಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ, ಸ್ಪರ್ಶದ ಸುದ್ದಿ ಅಲ್ಲಿಗೆ ಬಂದಾಗ ಆ ಬಾಗಿಲು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ ಎಂದು ಸೂಚಿಸಿದರು. ಆಮೇಲೆ ಇನ್ನೂ ಸೂಕ್ಷ್ಮವಾದ ಸಂಗತಿಗಳು ತಿಳಿದುಬಂದವು. ನಮ್ಮ ರೋಮವಿರುವ ಚರ್ಮದಲ್ಲಿ ಕೆಲವು ಬಗೆಯ ತೆಳು ನರತಂತುಗಳಿವೆ. ಜೋರಾಗಿ ತಿಕ್ಕಿದರೆ ಅವು ಅಷ್ಟಾಗಿ ಓಗೊಡುವುದಿಲ್ಲ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಸವರಿದಾಗ ಹೆಚ್ಚು ಚುರುಕಾಗುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಿಮೆ ಅದೇ. ಒತ್ತಡವನ್ನೂ ಸ್ಪರ್ಶವನ್ನೂ ಜೀವಕೋಶ ಹೇಗೆ ಗುರುತಿಸುತ್ತದೆ ಎಂದು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ಆ ವರ್ಷದ ವೈದ್ಯಶಾಸ್ತ್ರದ ಬಹುಮಾನದಲ್ಲಿ ಅರ್ಧ ಪಾಲು ಅವರದು.

ಅದೇ 2021ರಲ್ಲಿ ಇನ್ನೊಂದು ಅಧ್ಯಯನವೂ ಹೊರಬಂತು. ಭಾರತವೂ ಸೇರಿದಂತೆ 5 ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ್ದು ಅದು. ತೂಕ ತೀರಾ ಕಡಿಮೆಯಿದ್ದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿದಾಗ, ಮೊದಲ 28 ದಿನಗಳಲ್ಲಿ ಆಗುವ ಸಾವು ಕಾಲುಭಾಗದಷ್ಟು ಇಳಿಯಿತು. ಕಾಂಗರೂ ಆರೈಕೆ ಎಂಬ ಹೆಸರಿನ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಬಡತನದಿಂದಲೇ ಹುಟ್ಟಿದ ಉಪಾಯ ಅದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಇದನ್ನು ಆಸ್ಪತ್ರೆಗಳಿಂದ ಮನೆಗಳವರೆಗೆ ಕೊಂಡೊಯ್ದರು. ತಾಯಿಯ ಎದೆಯ ಬಿಸಿ ಮಗುವಿಗೆ ಔಷಧಿ ಕೊಡುವುದಿಲ್ಲ. ಮೈಯ ಬಿಸಿ ಆರದಂತೆ, ಹಾಲು ಸಿಗುವಂತೆ, ಸೋಂಕು ದೂರವಿರುವಂತೆ ನೋಡಿಕೊಳ್ಳುತ್ತದೆ. ಬದುಕುವ ಕೆಲಸವನ್ನು ಮಗುವೇ ಮಾಡುತ್ತದೆ.

ಚಂದಾಪುರದ ವಠಾರಗಳಲ್ಲಿ ಈಗಲೂ ಬಾಣಂತಿ ಮನೆಗೆ ನೀರು ಹಾಕಲು ಬರುವ ಹೆಂಗಸರಿದ್ದಾರೆ. ಆಸುಪಾಸಿನ ಹಳ್ಳಿಗಳ ವಯಸ್ಸಾದವರು, ಸೊಸೆಯರು ಕಾರ್ಖಾನೆಗೆ ಹೋದ ಮೇಲೆ ಈ ಕೆಲಸಕ್ಕೆ ಬರುತ್ತಾರೆ. ಅವರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಚ್ಚಲಲ್ಲಿ ತಗ್ಗು ಮಣೆ ಹಾಕಿ, ಸೀರೆ ಮೊಣಕಾಲಿನವರೆಗೆ ಎತ್ತಿ, ಎರಡೂ ಕಾಲು ನೀಡಿ ಕೂರುತ್ತಾರೆ. ಆ ಕಾಲುಗಳ ನಡುವಿನ ಹಳ್ಳದಲ್ಲಿ ಮಗು, ತಲೆ ಪಾದದ ಕಡೆಗೆ. ಎಣ್ಣೆ ಬೆಚ್ಚಗಿದೆಯೇ ಎಂದು ಮೊದಲು ತಮ್ಮ ಮಣಿಕಟ್ಟಿನ ಮೇಲೆ ತೊಟ್ಟು ಹಾಕಿಕೊಂಡು ನೋಡುತ್ತಾರೆ. ಎದೆಯಿಂದ ತೋಳಿಗೆ, ತೊಡೆಯಿಂದ ಪಾದಕ್ಕೆ ಅಂಗೈ ಜಾರುತ್ತದೆ. ಬಲಗೈಯನ್ನೂ ಎಡಗಾಲನ್ನೂ ಕೂಡಿಸಿ ಬಿಡುತ್ತಾರೆ, ಮತ್ತೆ ಎಡಗೈಯನ್ನೂ ಬಲಗಾಲನ್ನೂ. ಮಗು ಬಿಕ್ಕಿದರೆ ಕೈ ನಿಲ್ಲುತ್ತದೆ. ಅಳು ಯಾವ ಬಗೆಯದು, ಹಸಿವೋ ನೋವೋ ಬರಿಯ ಕೋಪವೋ ಎಂದು ಒಂದು ಗಳಿಗೆ ಕೇಳಿಸಿಕೊಂಡು ಆಮೇಲೆ ಮುಂದುವರಿಯುತ್ತದೆ. ‘ಏನಿಲ್ಲಮ್ಮ, ಆಯ್ತು ಆಯ್ತು’ ಎಂದು ಮಗುವಿಗೆ ಹೇಳುತ್ತಲೇ ಬಾಣಂತಿಯ ಮುಖವನ್ನೂ ನೋಡುತ್ತಾರೆ. ರಾತ್ರಿ ನಿದ್ದೆ ಇಲ್ಲದೆ ಕಂಗೆಟ್ಟ ಹುಡುಗಿಯ ಬೆನ್ನಿಗೆ ಬಿಸಿನೀರು ಎರಚುವಾಗ ಅವರು ಕೇಳುವ ಎರಡು ಮಾತು ಆ ದಿನ ಬೇರೆ ಯಾರೂ ಆಕೆಯನ್ನು ಕೇಳಿರುವುದಿಲ್ಲ. ತವರಿನಿಂದ ದೂರ, ಬಾಡಿಗೆ ಮನೆಯಲ್ಲಿ ಹೆರಿಗೆ ಮುಗಿಸಿಕೊಂಡ ಹೆಣ್ಣುಮಕ್ಕಳು ತುಂಬಿರುವ ಊರಿನಲ್ಲಿ ಇದರ ಬೆಲೆ ದೊಡ್ಡದು.

ಇದೇ ಕೈ ತಪ್ಪೂ ಮಾಡಬಹುದು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ರೂಢಿಯನ್ನು ಮಕ್ಕಳ ವೈದ್ಯರು ಬೇಡವೆನ್ನುವುದು ಸುಮ್ಮನೆ ಅಲ್ಲ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ತಲೆ ದುಂಡಗಾಗಲಿ ಎಂದು ಒತ್ತುವುದು, ಮೂಗು ನೆಟ್ಟಗಾಗಲಿ ಎಂದು ಹಿಂಡುವುದು ಮಗುವಿಗೆ ಬರಿಯ ಹಿಂಸೆ. ಇದನ್ನು ತಿಳಿಸಿ ಹೇಳಿದಾಗ ‘ಸರಿ ಬಿಡಿ, ಇನ್ನು ಹಾಕಲ್ಲ’ ಎಂದು ಒಪ್ಪಿಕೊಂಡವರಿದ್ದಾರೆ. ನಲವತ್ತು ವರ್ಷದ ಅಭ್ಯಾಸವನ್ನು ಮಗುವಿನ ಒಳ್ಳೆಯದಕ್ಕಾಗಿ ಬಿಡುವುದಕ್ಕೆ ದೊಡ್ಡ ಮನಸ್ಸು ಬೇಕು. ಕೈಗುಣ ಎಂದು ನಮ್ಮ ಜನ ಕರೆಯುವುದರಲ್ಲಿ ಇದೂ ಸೇರಿದೆ ಎಂದು ನಾನು ತಿಳಿದಿದ್ದೇನೆ.

ಇಂಥ ಕೈಗಳನ್ನು ನಮ್ಮ ಸಮಾಜ ಹೇಗೆ ನಡೆಸಿಕೊಂಡಿತು ಎಂಬುದು ನೆನೆದರೆ ನೋವಾಗುತ್ತದೆ. ಎಣ್ಣೆ ಒತ್ತುವವರು, ಉಳುಕು ತೆಗೆಯುವವರು, ಹುಣ್ಣು ಕೊಯ್ದು ಕಟ್ಟುವವರು, ಹೆರಿಗೆ ಮಾಡಿಸುವವರು ಹೆಚ್ಚಾಗಿ ಕೆಳಗಿನವರೆಂದು ದೂರವಿಟ್ಟ ಸಮುದಾಯಗಳಿಂದಲೇ ಬಂದವರು. ಕ್ಷೌರಿಕರು ಊರಿನ ಅರ್ಧ ವೈದ್ಯವನ್ನು ಕೈಯಲ್ಲೇ ನಡೆಸುತ್ತಿದ್ದರು. ಅವರಿಂದ ಮೈ ಒತ್ತಿಸಿಕೊಂಡ ದೊಡ್ಡ ಮನೆಯವರು ಆಮೇಲೆ ತಲೆಗೆ ನೀರು ಸುರಿದುಕೊಂಡು ಮಡಿಯಾಗುತ್ತಿದ್ದರು. ಮೈಸೂರಿನ ಜಟ್ಟಿಗಳಿಗೆ ಮಾತ್ರ ದಸರೆಯ ವಜ್ರಮುಷ್ಟಿ ಕಾಳಗದ ಕಾರಣದಿಂದ ಅರಮನೆಯ ಗೌರವ ಸಿಕ್ಕಿತು. ಅವರು ಮೂಳೆ ಕೂಡಿಸುವುದರಲ್ಲೂ ಹೆಸರಾಗಿದ್ದವರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಮೇಲೆ 2018ರಲ್ಲಿ ಪದ್ಮಶ್ರೀ ಬಂತು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳಬಲ್ಲ ಅವರನ್ನು ದೇಶ ಗುರುತಿಸಿದ್ದು ಅವರು ತೀರಿಕೊಂಡ ವರ್ಷವೇ. ಆ ಡಿಸೆಂಬರ್ 25ರಂದು ಅವರು ಹೋದರು. ಅವರ ಹಾಗೆಯೇ ಬೆರಳ ತುದಿಯಲ್ಲಿ ಅಷ್ಟೇ ವಿದ್ಯೆಯಿದ್ದ ಎಷ್ಟೋ ಹೆಂಗಸರ ಹೆಸರನ್ನು ನಾವು ಕೇಳಿಯೇ ಇಲ್ಲ.

ಆ ಅವಮಾನ ಇನ್ನೂ ಪೂರ್ತಿ ಹೋಗಿಲ್ಲ. ಇಂದು ಸ್ಪಾಗಳಲ್ಲಿ ಕೆಲಸ ಮಾಡುವ ಹುಡುಗಿಯರಲ್ಲಿ ಎಷ್ಟೋ ಜನ ಈಶಾನ್ಯ ರಾಜ್ಯಗಳಿಂದ ಬಂದವರು. ಅವರ ಕಸುಬಿನ ಬಗ್ಗೆ ಊರಿನವರು ಆಡುವ ಮಾತು, ಕೆಲವು ಗಿರಾಕಿಗಳು ಇಟ್ಟುಕೊಂಡು ಬರುವ ಉದ್ದೇಶ ಅವರಿಗೆ ದಿನವೂ ಎದುರಾಗುವಂಥದ್ದು. ಮುಟ್ಟಿಸಿಕೊಳ್ಳುವವರಿಗೂ ಒಂದು ಧರ್ಮವಿದೆ. ಎದುರಿಗಿರುವ ಕೈಯನ್ನು ಕಸುಬುದಾರರ ಕೈ ಎಂದು ಗೌರವಿಸದವರಿಗೆ ಆ ಮೇಜಿನ ಮೇಲೆ ಮಲಗುವ ಹಕ್ಕಿಲ್ಲ.

ಈಗ ಕೈ ಇಡುವವರ ಧರ್ಮಕ್ಕೆ ಬರುತ್ತೇನೆ. ಅದರಲ್ಲಿ ಮೊದಲನೆಯದು, ತನ್ನ ಕೈಗೆ ಎಟುಕದ್ದು ಯಾವುದೆಂದು ತಿಳಿದಿರುವುದು. ಆಂಧ್ರದ ಪುತ್ತೂರಿನ ಮೂಳೆ ಕಟ್ಟುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರ ಪಟ್ಟಿ, ಬಟ್ಟೆ ಇವುಗಳಿಂದ ಕೈಕಾಲು ಕಟ್ಟಿಸಿಕೊಂಡು ಗುಣವಾದವರು ಆನೇಕಲ್ ಸೀಮೆಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಆ ಹೆಸರಿಟ್ಟುಕೊಂಡವರೆಲ್ಲ ಆ ವಿದ್ಯೆ ಕಲಿತವರಲ್ಲ. ಕಟ್ಟು ಬಿಗಿಯಾಗಿ ಬೆರಳು ನೀಲಿಗಟ್ಟಿದರೆ, ಮರಗಟ್ಟಿದರೆ, ಅದು ಒಂದು ರಾತ್ರಿ ಕಾಯುವ ವಿಷಯವಲ್ಲ. ರಕ್ತ ಓಡಾಡದ ಕೈಯನ್ನು ಗಂಟೆಗಳ ಲೆಕ್ಕದಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಒಳ್ಳೆಯ ಕಟ್ಟುವವರು ಎಕ್ಸ್‌ರೇ ಇಲ್ಲದೆ ಕಟ್ಟುವುದಿಲ್ಲ, ಮೂಳೆ ಚರ್ಮ ಸೀಳಿ ಬಂದಿದ್ದರೆ ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತಾರೆ. ಎಣ್ಣೆ ಒತ್ತುವವರೂ ಹಾಗೆ ಇರಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಸುಮ್ಮಸುಮ್ಮನೆ ತೂಕ ಇಳಿದರೆ ಯಾವ ತೈಲವೂ ಬೇಡ, ಅಂದೇ ವೈದ್ಯರ ಹತ್ತಿರ ಹೋಗಬೇಕು. ಬೊಮ್ಮಸಂದ್ರದಲ್ಲಿ ದೊಡ್ಡ ಆಸ್ಪತ್ರೆಗಳು ಇಷ್ಟು ಹತ್ತಿರವಿರುವಾಗ, ಕಳಿಸಿಕೊಡಲು ಹಿಂಜರಿಯುವ ಕೈಯನ್ನು ಕ್ಷಮಿಸುವುದು ಕಷ್ಟ.

ಎರಡನೆಯದು ಇದಕ್ಕಿಂತ ಸೂಕ್ಷ್ಮ, ಹೆಚ್ಚು ಜನ ತಪ್ಪುವುದು ಅಲ್ಲೇ. ನೋವಿನಲ್ಲಿರುವವರನ್ನು ತನ್ನ ಮೇಲೆ ಅವಲಂಬಿಸುವಂತೆ ಮಾಡಿಕೊಳ್ಳುವುದು ಬಹಳ ಸುಲಭ. ‘ನಿಮ್ಮ ಡಿಸ್ಕ್ ಜಾರಿದೆ, ನಾನು ಕೂರಿಸುತ್ತೇನೆ’, ‘ಇಪ್ಪತ್ತು ಸಿಟ್ಟಿಂಗ್ ತಗೊಳ್ಳಿ, ಮಧ್ಯೆ ಬಿಟ್ಟರೆ ಮತ್ತೆ ಮೊದಲಿನಿಂದ’, ‘ಭಾರ ಎತ್ತಲೇಬೇಡಿ, ಬಗ್ಗಲೇಬೇಡಿ’. ಹೀಗೆಲ್ಲ ಕೇಳಿದ ಮನುಷ್ಯ ತನ್ನ ಬೆನ್ನು ಒಡೆದ ಗಾಜು ಎಂದು ನಂಬಿಕೊಂಡು ಬದುಕುತ್ತಾನೆ. ನಂಬಿದ ಮೇಲೆ ನಡೆಯುವುದು ಕಡಿಮೆಯಾಗುತ್ತದೆ, ಸ್ನಾಯು ಕ್ಷೀಣಿಸುತ್ತದೆ, ನೋವು ನಿಜವಾಗಿಯೂ ನೆಲೆಯೂರುತ್ತದೆ. ಹೆಲ್ಸಿಂಕಿ ನಗರದ ನೌಕರರಲ್ಲಿ ಹೊಸದಾಗಿ ಬೆನ್ನು ಹಿಡಿದುಕೊಂಡವರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯವರಿಗೆ ಆದಷ್ಟು ದಿನನಿತ್ಯದ ಓಡಾಟ ಮುಂದುವರಿಸಿ ಎಂಬ ಮಾತು. ಬೇಗ ಚೇತರಿಸಿಕೊಂಡವರು ಮೂರನೆಯವರು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಬೆನ್ನುನೋವಿನ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಕೆಳಬೆನ್ನಿನ ನೋವಿತ್ತು ಎಂಬುದು ಅದರ ಲೆಕ್ಕ. ತಿಳಿವಳಿಕೆ, ವ್ಯಾಯಾಮ, ಜೊತೆಗೆ ಮಸಾಜಿನಂಥ ಕೈಚಿಕಿತ್ಸೆಗೂ ಅದರಲ್ಲಿ ಜಾಗವಿದೆ. ಸೊಂಟಕ್ಕೆ ಬೆಲ್ಟ್, ಬೆನ್ನು ಎಳೆಯುವ ಟ್ರ್ಯಾಕ್ಷನ್ ಮಾಮೂಲಿಯಾಗಿ ಬೇಡ ಎಂದಿದೆ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಆ ಬೆಲ್ಟುಗಳು ಸಾಲಾಗಿ ತೂಗಾಡುತ್ತಿರುವುದನ್ನು ನೋಡಿದಾಗಲೆಲ್ಲ, ಇದನ್ನು ಯಾರಾದರೂ ಕನ್ನಡದಲ್ಲಿ ಬರೆದು ಅಲ್ಲೇ ಪಕ್ಕದಲ್ಲಿ ತೂಗುಹಾಕಬಾರದೇ ಅನ್ನಿಸುತ್ತದೆ.

ಅವಲಂಬನೆ ಬೆಳೆಸದೆ ಅಭ್ಯಾಸ ಕಲಿಸಿ ಕಳಿಸುವ ಕಡೆಗಳೂ ಇವೆ. ಜಿಗಣಿಯ ಬಳಿ ಪ್ರಶಾಂತಿ ಕುಟೀರವಿದೆ. ಎಚ್.ಆರ್. ನಾಗೇಂದ್ರ ಅವರ ನೇತೃತ್ವದಲ್ಲಿ ಬೆಳೆದ ವಿವೇಕಾನಂದ ಯೋಗ ವಿಶ್ವವಿದ್ಯಾಲಯದ ನೆಲೆ ಅದು. ಉಜಿರೆಯಲ್ಲಿ ಧರ್ಮಸ್ಥಳದವರು 1989ರಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಕಾಲೇಜು ತೆರೆದರು. ಇಂಥ ಕಡೆ ಅಭ್ಯಂಗ, ಮಣ್ಣುಪಟ್ಟಿ, ಹಬೆ ಎಲ್ಲ ಇದ್ದರೂ ಹೋದವರು ಮನೆಗೆ ತರುವುದು ನಸುಕಿನಲ್ಲಿ ಎದ್ದು ಮಾಡುವ ನಾಲ್ಕು ಆಸನ, ಹೊತ್ತಿಗೆ ಸರಿಯಾದ ಊಟ. ನನಗೆ ಆ ಭಾಗವೇ ಅವುಗಳ ಸತ್ವವಾಗಿ ಕಾಣುತ್ತದೆ. ವಾರಗಟ್ಟಲೆ ರಜೆ ಹಾಕಿ ಅಲ್ಲಿಗೆ ಹೋಗುವ ಅನುಕೂಲ ಟೈಲರಿಗೆ, ಸೆಕ್ಯುರಿಟಿಯವನಿಗೆ ಇಲ್ಲ. ಅವರಿಗೆ ಸಿಗುವುದು ಶಿಫ್ಟ್ ಮುಗಿದ ಮೇಲಿನ ಅರ್ಧ ಗಂಟೆ.

ಆ ಅರ್ಧ ಗಂಟೆಯನ್ನು ಚೆನ್ನಾಗಿ ಬಳಸಿದ್ದನ್ನೂ ನೋಡಿದ್ದೇನೆ. ಒಂದು ಚಿಕ್ಕ ಕ್ಲಿನಿಕ್, ಪರದೆ ಹಾಕಿದ ಎರಡು ಮಂಚ. ಬಲಗೈ ಕಿವಿಯ ಮಟ್ಟಕ್ಕೂ ಏಳದ ಟೈಲರ್ ಒಬ್ಬರು. ಕೂದಲು ಬಾಚಿಕೊಳ್ಳಲು ಮಗಳನ್ನು ಕರೆಯಬೇಕಾದ ಸ್ಥಿತಿ. ಚಿಕ್ಕ ವಯಸ್ಸಿನ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲು ಬಿಸಿ ಕೊಟ್ಟು, ಭುಜದ ಹಲಗೆಯ ಅಂಚನ್ನು ಬೆರಳಿನಿಂದ ತಡವುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ‘ಇಲ್ಲೇನಾ ಅಕ್ಕ?’ ಅಲ್ಲೇ. ಹತ್ತು ನಿಮಿಷ ಕೈಯ ಕೆಲಸ, ಅವಸರವಿಲ್ಲ. ಆಮೇಲೆ ಅಕ್ಕನನ್ನು ಎಬ್ಬಿಸಿ ಗೋಡೆಯ ಮುಂದೆ ನಿಲ್ಲಿಸಿದಳು. ಎರಡು ಬೆರಳು ಗೋಡೆಯ ಮೇಲೆ ಇಟ್ಟು ಇರುವೆಯಂತೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಿಸಬೇಕು. ನೋವು ಶುರುವಾದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು. ‘ಮನೇಲೂ ಗೋಡೆ ಮೇಲೆ ಹೀಗೇ ಗೆರೆ ಹಾಕ್ಕೊಳ್ಳಿ. ನಾಳೆ ಅದನ್ನ ದಾಟ್ತೀರೋ ಇಲ್ವೋ ನೋಡಿ. ದಾಟಿದ್ರೆ ನಾನು ಬೇಡ.’ ಕ್ಲಿನಿಕ್ಕಿನ ಬಾಡಿಗೆ, ಸಾಲದ ಕಂತು ಎಲ್ಲ ಇರುವ ಹುಡುಗಿ ಅದು. ‘ನಾನು ಬೇಡ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಕೊನೆಗೊಮ್ಮೆ ಮೈಯನ್ನು ಮೈಯವರ ಕೈಗೇ ಒಪ್ಪಿಸಿಬಿಡಬೇಕು. ಗಿರಾಕಿಯೊಬ್ಬರು ಕಡಿಮೆಯಾದರೂ ಸರಿ ಎಂದು ಹೇಳಬಲ್ಲವರ ಕೈಯಲ್ಲಿ ಗುಣವಿದೆ.

ಇಷ್ಟೆಲ್ಲ ಆದ ಮೇಲೂ ಮಾರನೆಯ ದಿನ ಆ ಅಕ್ಕ ಹೋಗಿ ಕೂರುವುದು ಬೆನ್ನಾನಿಕೆಯಿಲ್ಲದ ಸ್ಟೂಲಿನ ಮೇಲೆ. ಮುಂದಕ್ಕೆ ಬಾಗಿ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಮುಗಿಸುವವರೆಗೆ ಭುಜ ಎತ್ತಿಕೊಂಡೇ ಹೊಲಿಯಬೇಕು. ನೀರು ಕುಡಿದರೆ ಶೌಚಕ್ಕೆ ಏಳಬೇಕಾಗುತ್ತದೆಂದು ಬಾಟಲಿ ಮುಚ್ಚಿಟ್ಟುಕೊಳ್ಳುವವರ ಲೈನ್ ಅದು. 2016ರ ಏಪ್ರಿಲ್‌ನಲ್ಲಿ ಇದೇ ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದದ್ದು ಹಲವರಿಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಎದ್ದ ಸಿಟ್ಟು ಅದು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅದನ್ನು ದುಡ್ಡಿನ ಗಲಾಟೆ ಎಂದಷ್ಟೇ ಬರೆದವರಿದ್ದಾರೆ. ನನಗೆ ಅದರಲ್ಲಿ ಮೈಯ ಲೆಕ್ಕವೇ ಮುಖ್ಯವಾಗಿ ಕಾಣುತ್ತದೆ. ಮಷಿನ್ ಮುಂದೆ 58ರವರೆಗೆ ಕೂರಲು ತಮ್ಮ ಸೊಂಟ ಬಿಡುವುದಿಲ್ಲ ಎಂಬುದನ್ನು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದ್ದರಿಂದ ಕೈ ಇಡುವವರ ಧರ್ಮ ಮಂಚದ ಪಕ್ಕದಲ್ಲಿ ಮುಗಿಯುವುದಿಲ್ಲ. ದಿನವೂ ಹತ್ತು ಗಂಟೆ ನೋಯಿಸುವ ಸ್ಟೂಲನ್ನು ಸುಮ್ಮನೆ ಬಿಟ್ಟು, ವಾರಕ್ಕೆ ಅರ್ಧ ಗಂಟೆ ಒತ್ತುವುದನ್ನೇ ಚಿಕಿತ್ಸೆ ಎಂದುಕೊಂಡರೆ ನಾವು ಆ ಸ್ಟೂಲಿನ ಪರವಾಗಿಯೇ ಕೆಲಸ ಮಾಡಿದಂತೆ. ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಕೇಳುವವರು ಬೇಕಷ್ಟೆ. ಚಂದಾಪುರದ ಫಿಸಿಯೋಥೆರಪಿಸ್ಟ್‌ಗಳು, ಆಯುರ್ವೇದದವರು, ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರು ಮಾತ್ರೆಯ ಹೆಸರು ಬರೆಯುವ ಅದೇ ಚೀಟಿಯ ಮೇಲೆ ‘ಬೆನ್ನಾನಿಕೆಯಿರುವ ಕುರ್ಚಿ ಬೇಕು, ಎರಡು ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡಲು ಬಿಡಬೇಕು’ ಎಂದು ಬರೆದು ಸಹಿ ಹಾಕಲಿ. ಟೈಲರ್ ಅದನ್ನು ಸೂಪರ್‌ವೈಸರ್‌ಗೆ ಕೊಡಲಿ. ಒಂದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. ಒಂದೇ ಲೈನಿನಿಂದ ಮೂವತ್ತು ಚೀಟಿ ಬಂದರೆ ಮ್ಯಾನೇಜರು ಎದ್ದು ಬಂದು ಆ ಸ್ಟೂಲುಗಳನ್ನು ಒಮ್ಮೆ ನೋಡಲೇಬೇಕಾಗುತ್ತದೆ.